ಗೋಡೆಗೆ ಮುಖ ಮಾಡಿದ ಜರ್ಮನಿ ಪಟ

ಎಂಬತ್ತನೇ ಇಸವಿಯ ಆಚೀಚೆ ನನ್ನ ಮಗ ಹಾನಗಲ್ಲಿನಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿಯಿಂದ ಒಂದು ಪಟ ತಂದು ತಿಳವಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ. ಜರ್ಮನಿ ದೇಶದವರು ಯಾರೋ ಬರೆದ ಚಿತ್ರದ ಅಚ್ಚಂತೆ. ರೈತರ ಅಡುಗೆಮನೆ. ಒಲೆಯ ಹತ್ತಿರ ನಾಯಿ ಮಲಗಿದೆ. ಗಂಡ ತೊಡೆಯ ಮೇಲೆ ಕೂಸನ್ನು ಕೂಡಿಸಿಕೊಂಡು ಚಮಚದಲ್ಲಿ ಗಂಜಿ ಕುಡಿಸುತ್ತಾನೆ, ಹೆಂಡತಿ ನೋಡಿ ನಗುತ್ತಾಳೆ, ಮೂಲೆಯಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ.

ನನ್ನ ಅತ್ತೆಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ನಮ್ಮಲ್ಲಿ ಹಿರಿಯರೆದುರು ಗಂಡಸು ತನ್ನ ಕೂಸನ್ನು ಎತ್ತುವಂತಿಲ್ಲ. ನನ್ನ ಗಂಡನೂ ಎತ್ತಲಿಲ್ಲ. ಮಗ ಬಿದ್ದು ಮೊಣಕಾಲು ಒಡೆದುಕೊಂಡು ಅಪ್ಪಾ ಎಂದು ಅತ್ತಾಗಲೂ ತಾಯಿಯ ಮುಖ ನೋಡಿ ಕೈ ಹಿಂದೆ ಕಟ್ಟಿಕೊಂಡು ನಿಂತವರು ಅವರು.

"ನಾಚಿಕಿಗೇಡಿ ಮನಿ! ಆ ಮುದುಕಿಗೆ ಬೈಯಾಕ ಬಾಯಿಲ್ಲೇನ?"

"ಆಕಿಗೂ ಖುಷಿ ಆಗಿರಬೇಕ್ರಿ, ಅತ್ತಿ."

"ಖುಷಿ ಅಂತ ಖುಷಿ! ಕಣ್ಣ ಕಾಣಂಗಿಲ್ಲ ಆಕಿಗೆ. ನಿನ್ನಂಗ."

ದಿನಾ ಬೆಳಿಗ್ಗೆ ಅತ್ತೆ ಪಟವನ್ನು ಗೋಡೆಗೆ ಮುಖ ಮಾಡಿ ತಿರುಗಿಸುವಳು. ಸಂಜೆ ಮಗ ಬಂದು ಹೊರಳಿಸುವನು. ಇಬ್ಬರ ನಡುವೆ ಮಾತೇ ನಿಂತಿತು.

ಆಮೇಲೆ ಸೊಸೆ ಹಿರೇಕೆರೂರಿನ ತವರಿನಿಂದ ಐದು ತಿಂಗಳ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಅಯ್ಯೋ ಶಿವನೇ, ಆ ಗಲ್ಲ, ಆ ಬೊಚ್ಚುಬಾಯಿ! ಓಣಿಯೆಲ್ಲ ಕೇಳುವಂತೆ ಕೂಗಬೇಕು ಅನಿಸುತ್ತಿತ್ತು ನನಗೆ. ಆದರೆ ಮಗ ತೊಟ್ಟಿಲ ಹತ್ತಿರ ಸುಳಿಯುವಂತಿಲ್ಲ. ಅತ್ತೆ ಪಕ್ಕದಲ್ಲೇ ಕಾವಲು. ಅವನಪ್ಪ ಕಳೆದುಕೊಂಡದ್ದನ್ನು ಇವನೂ ಕಳೆದುಕೊಳ್ಳಬೇಕೇ?

ಒಂದು ಬೆಳಿಗ್ಗೆ ಸೊಸೆ ನೀರಿಗೆ ಹೋಗಿದ್ದಳು. ನನ್ನ ಕೈತುಂಬ ಜೋಳದ ಹಿಟ್ಟು. ಕೂಸು ಕಿರುಚತೊಡಗಿತು. ವಯಸ್ಸಾದ ಅತ್ತೆಗೆ ಎತ್ತುವ ಶಕ್ತಿ ಇಲ್ಲ. ಮಗ ಬಾಗಿಲಲ್ಲಿ ನಿಂತು ಅಜ್ಜಿಯ ಮುಖ ನೋಡಿದ.

"ಎತ್ಕೊಳೋ," ಎಂದೆ ನಾನು.

"ಮುಟ್ಟಿದ್ರ ನೋಡು!" ಅತ್ತೆ ಗುಡುಗಿದಳು. "ನನ್ನ ಕಣ್ಣೆದುರಿಗೆ ಇಂಥಾದ್ದು ಬ್ಯಾಡ."

"ಹಂಗಾದ್ರ ಕಣ್ಣ ಆಕಡೆ ಮಾಡ್ರಿ!"

ಅತ್ತೆಗೆ ನಾನು ಎದುರಾಡಿದ್ದು ಅದೇ ಮೊದಲು. ಮಗ ಬಂದು ಕೂಸನ್ನು ಎತ್ತಿದ. ಹಿಡಿಯಲು ಬರದೆ ಜೋಳದ ಚೀಲದಂತೆ ಹೆಗಲಿಗೆ ಹಾಕಿಕೊಂಡ. ಕೂಸು ಅವನ ಮೀಸೆ ಹಿಡಿದು ಜಗ್ಗಿತು, ಅಳು ನಿಂತಿತು.

"ಹಡದ ಮಗನ್ನ ಹೆಂಗಸ ಮಾಡಿದೆಲ್ಲ! ಈ ಮನ್ಯಾಗ ಇವತ್ತ ನೀರೂ ಮುಟ್ಟಂಗಿಲ್ಲ ನಾ," ಎಂದು ಅತ್ತೆ ಗೋಡೆಯ ಕಡೆ ಹೊರಳಿ ಕೂತಳು.

ಹಂಚಿನ ಮೇಲೆ ರೊಟ್ಟಿ ಸೀದು ವಾಸನೆ ಬರುತ್ತಿತ್ತು. ನಾನು ಹಿಟ್ಟಿನ ಕೈಯಲ್ಲೇ ಹೋಗಿ ಪಟವನ್ನು ಇತ್ತ ತಿರುಗಿಸಿದೆ. ಗಾಜಿನ ಮೇಲೆ ನನ್ನ ಬೆರಳುಗಳೆಲ್ಲ ಬೆಳ್ಳಗೆ ಮೂಡಿದವು. ಆಮೇಲೆ ಸೊಸೆ ಒರೆಸಲು ಬಂದಾಗ, "ಇರಲಿ ಬಿಡವ್ವಾ," ಎಂದೆ.