ಎರಡು ಸಲ ಕೇಳಿಸುವ ಸದ್ದು

ನಮ್ಮ ಸೋದರಮಾವನಿಗೆ ಊರೆಲ್ಲ ಇಟ್ಟ ಹೆಸರು ಟೇಪು ಮಾವ. ಮನೆ ಕಟ್ಟುವವರಿಗೆ ನಕ್ಷೆ ಬರೆದು, ಕಚೇರಿಯಿಂದ ಪರವಾನಗಿ ಮಾಡಿಸಿಕೊಡುವುದು ನಲವತ್ತು ವರ್ಷಗಳಿಂದ ಅವನ ಕಸುಬು. ಊಟಕ್ಕೆ ಕರೆದರೂ ಜೇಬಿನಲ್ಲಿ ಟೇಪು ಇಟ್ಟುಕೊಂಡೇ ಬರುತ್ತಾನೆ. ಒಂದೊಂದು ಗೋಡೆಯನ್ನೂ ಮೂರು ಸಲ ಅಳೆಯದೆ ಪೆನ್ಸಿಲ್ ಮುಟ್ಟುವವನಲ್ಲ. "ನನ್ನನ್ನೂ ಅಳತೆ ಹಾಕೇ ಮದ್ವೆಯಾದ್ರು" ಎಂದು ಅತ್ತೆ ಇವತ್ತಿಗೂ ರೇಗಿಸುತ್ತಾಳೆ.

ನಮ್ಮ ಮನೆಯ ಮೇಲೆ ಮಹಡಿ ಎತ್ತಲು ನನ್ನ ಗಂಡ ತುದಿಗಾಲಲ್ಲಿ ನಿಂತಿದ್ದರು. "ಪರವಾನಗಿ ಆಮೇಲೆ ಬರತ್ತೆ ಬಿಡು. ಸೋಮವಾರ ಮೇಸ್ತ್ರಿ ಬಂದು ಕಂಬದ ಗುಂಡಿ ತೋಡ್ತಾನೆ" ಎಂದರು. ಗುಂಡಿ ತೋಡಬೇಕಾಗಿದ್ದದ್ದು ಅಡುಗೆಮನೆಯ ಮೂಲೆಯಲ್ಲಿ. ನನಗೆ ಜೀವ ಹಾರಿತು. ಆ ಮೂಲೆಯಲ್ಲಿ ಏನು ಬಿದ್ದರೂ ಸದ್ದು ಎರಡು ಸಲ ಕೇಳುತ್ತದೆ. ಮೊದಲು ಮೇಲೆ, ಆಮೇಲೆ ತುಸು ತಡವಾಗಿ ಕೆಳಗೆಲ್ಲೋ. ಹತ್ತು ವರ್ಷದ ಹಿಂದೆ ಮನೆ ಕೊಂಡ ದಿನದಿಂದಲೂ ಹೀಗೇ. ಮನೆ ತುಂಬ ಜನವಿದ್ದಾಗ ನಗುತ್ತಿದ್ದೆವು. ಒಬ್ಬಳೇ ಇದ್ದಾಗ ನಾನು ಪಾತ್ರೆಗಳನ್ನು ಮೆಲ್ಲಗೆ, ಯಾರಿಗೂ ಎಚ್ಚರವಾಗಬಾರದು ಎನ್ನುವಂತೆ ಇಡುತ್ತಿದ್ದೆ.

ತಡೆಯಲಾರದೆ ಮಾವನಿಗೆ ಹೇಳಿಕಳಿಸಿದೆ. ಭಾನುವಾರ ಬೆಳಗ್ಗೆ ಬಂದ. ಈ ಮನೆಯ ಹಳೇ ನಕ್ಷೆಯ ಪ್ರತಿಯನ್ನು ಕಚೇರಿಯಿಂದ ತಂದಿದ್ದ. ಲಕೋಟೆ ಇನ್ನೂ ಒಡೆದಿರಲಿಲ್ಲ. ಮೂಲೆಯಲ್ಲಿ ಕೂತು, ಗೋಡೆಯ ನೇರ ನೋಡುವ ಹಿತ್ತಾಳೆಯ ತೂಗುಗುಂಡಿನಿಂದ ನೆಲಕ್ಕೆ ಬಡಿದ. ಟಕ್. ಉಸಿರು ಬಿಗಿಹಿಡಿದು ಕಾದೆವು. ಕೆಳಗಿನಿಂದ, ಟಕ್.

ಮಾವ ನೆಲಕ್ಕೆ ಕಿವಿ ಕೊಟ್ಟ. ನನ್ನ ಗಂಡನ ಮುಖದ ನಗು ಮಾಯವಾಯಿತು. ಮಾವ ಎದ್ದು ಲಕೋಟೆ ಒಡೆದ, ನಕ್ಷೆ ಬಿಡಿಸಿದ. ಅವನ ಬೆರಳು ಕಾಗದದ ಕೆಳತುದಿಗೆ ಬಂದು ಅಲ್ಲೇ ನಿಂತಿತು. ಇಣುಕಿ ನೋಡಿದೆ. ಕೆಳಗಿದ್ದ ಸಹಿ ಅವನದೇ.

"ಇಲ್ಲಿ ಬಾವಿ ಇತ್ತಮ್ಮ" ಎಂದ. "ತೆರೆದ ಬಾವಿ ಮೇಲೆ ಕಟ್ಟೋಕೆ ಪರವಾನಗಿ ಕೊಡಲ್ಲ. ತಳದಿಂದ ಮಣ್ಣು ತುಂಬಿಸಿದೀವಿ ಅಂದ್ರು ಆಗಿನ ಮಾಲೀಕರು. ನಾನು ಆಗಿನ್ನೂ ಹೊಸಬ, ಆತುರಗಾರ. ಜಾಗಕ್ಕೆ ಬಂದು ನೋಡ್ಲಿಲ್ಲ. ಕೂತಲ್ಲೇ 'ಬಾವಿ ಮುಚ್ಚಿದೆ' ಅಂತ ಬರೆದು ಸಹಿ ಹಾಕ್ದೆ. ಆಮೇಲೆ ಅದು ಮನಸ್ಸು ಕೊರೀತಾನೇ ಇತ್ತು. ಮೂರು ಮೂರು ಸಲ ಅಳೆಯೋದು ಯಾಕೆ ಅಂದ್ಕೊಂಡೆ? ಆದ್ರೆ ಅದು ನಿನ್ನ ಮನೇನೇ ಅಂತ ಗೊತ್ತಿರ್ಲಿಲ್ಲ."

"ಮಣ್ಣು ತುಂಬಿಸಿಲ್ವಾ ಮಾವ?"

"ಇಲ್ಲ. ಚಪ್ಪಡಿ ಎಳೆದು ಮೇಲೆ ಗಾರೆ ಬಳಿದಿದಾರೆ, ಅಷ್ಟೇ."

ಹತ್ತು ವರ್ಷ ಅದರ ಮೇಲೆ ನಿಂತೇ ಅಡುಗೆ ಮಾಡಿದ್ದೆ. ಮಾವನ ಮೇಲೆ ಸಿಟ್ಟೂ ಬಂತು, ಕರುಣೆಯೂ ಬಂತು. ಎರಡನ್ನೂ ಆಡಲು ಅವನು ಬಿಡಲಿಲ್ಲ.

"ಒಬ್ಬೊಬ್ಬರೇ ಆಚೆ ನಡೀರಿ. ಓಡಬೇಡಿ."

ಮೂವರೂ ಅಂಗಳದಲ್ಲಿ ನಿಂತೆವು. ಒಳಗೆ ಯಾರೂ ಇರಲಿಲ್ಲ, ಯಾವ ಪಾತ್ರೆಯೂ ಬೀಳಲಿಲ್ಲ. ಆದರೂ ಆ ಸದ್ದು ಕೇಳಿಸಿತು. ಮೊದಲನೆಯದಲ್ಲ, ಎರಡನೆಯದು ಮಾತ್ರ.