ಚಾಲೂ ಮತ್ತು ಚಾಲು

ನನಗೆ ಹಾಡಲು ಬರುವುದಿಲ್ಲ, ಬಾರಿಸಲೂ ಬರುವುದಿಲ್ಲ. ಹಾಡುವವರನ್ನು ಹಿಡಿಯುವುದು ಮಾತ್ರ ಅಷ್ಟಿಷ್ಟು ಬರುತ್ತದೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಧ್ವನಿಮುದ್ರಣ ಎನ್ನುತ್ತಾರೆ. ಹಾಡಿನ ಮೇಲೆ ಯಾರೋ ಕಚೇರಿಯ ಮೊಹರು ಒತ್ತಿದಂತೆ ಕೇಳಿಸುತ್ತದೆ. ಎಂಬತ್ತರ ದಶಕದ ಬಳ್ಳಾರಿಯಲ್ಲಿ ನಾವು ‘ಟೇಪು ಹಿಡಿಯೋದು’ ಎನ್ನುತ್ತಿದ್ದೆವು. ಹಿಡಿಯುವುದು ಎಂದ ಮೇಲೆ, ತಪ್ಪಿಸಿಕೊಂಡು ಹೋದೀತೆಂಬ ಭಯವೂ ಅದರಲ್ಲೇ ಇರುತ್ತದೆ.

ಈ ವಿದ್ಯೆ ಕಲಿಸಿದವರು ಬ್ರೂಸ್‌ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಖಾಜಾ ಸಾಹೇಬರು. ಅವರ ಮನೆಯ ನಡುಕೋಣೆಯೇ ಸ್ಟುಡಿಯೊ. ಗೋಡೆಗೆಲ್ಲ ಕೌದಿ, ಕಿಟಕಿಗೆ ಹಾಸಿಗೆ, ಮೇಜಿನ ಮೇಲೆ ಎರಡು ಟೇಪ್‌ರೆಕಾರ್ಡರು. ಒಂದರಲ್ಲಿ ಮೊದಲು ತಬಲಾ, ಹಾರ್ಮೋನಿಯಂ ಹಿಡಿಯುವುದು. ಆಮೇಲೆ ಅದನ್ನು ಹಾಕಿ, ಅದರ ಜೊತೆಗೇ ಹಾಡಿಸಿ, ಎರಡನ್ನೂ ಕೂಡಿಸಿ ಇನ್ನೊಂದರಲ್ಲಿ ಹಿಡಿಯುವುದು. ಮದರಾಸಿನವರು ಕೋಣೆ ತುಂಬ ಯಂತ್ರ ಇಟ್ಟುಕೊಂಡು ಮಾಡುತ್ತಿದ್ದುದನ್ನು ಇವರು ಎರಡು ಡಬ್ಬಿಯಲ್ಲಿ ಮಾಡುತ್ತಿದ್ದರು. “ಮೊದಲ ಹಿಡದಿದ್ದು ಹಿಂದಕ್ಕ ಸರೀತೈತಿ. ಅದಕ್ಕ ಕಂಠ ಯಾವಾಗಲೂ ಕಡೀಗೆ ಬರಬೇಕ್ರಿ,” ಎನ್ನುತ್ತಿದ್ದರು. ಗಾಂಧಿನಗರದಿಂದ ಪ್ರತಿ ಭಾನುವಾರ ಸೈಕಲ್ ತುಳಿದು ಹೋಗಿ ಒಂದು ವರ್ಷದಲ್ಲಿ ನಾನು ಕಲಿತದ್ದು ಮುಖ್ಯವಾಗಿ ವೈರು ಸುತ್ತುವುದು ಮತ್ತು ಉಸಿರು ಬಿಗಿಹಿಡಿದು ಕೂರುವುದು.

ಆ ವರ್ಷ ಸಿರುಗುಪ್ಪದ ನಮ್ಮ ದೊಡ್ಡಮ್ಮನಿಗೆ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಆದ ಮೇಲೆ ಮಾತು ಬಂದೀತು, ಹಾಡಿನ ಭರವಸೆ ಕೊಡಲಾರೆ ಎಂದರು ಡಾಕ್ಟರು. ಆದೋನಿ ಕಡೆಯ ತವರಿನಿಂದ ದೊಡ್ಡಮ್ಮ ತಂದಿದ್ದ ಒಂದು ತೆಲುಗು ಮಂಗಳಾರತಿ ಹಾಡು ಕೇಳಿಯೇ ನಾವೆಲ್ಲ ಬೆಳೆದವರು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಅವರನ್ನು ಬ್ರೂಸ್‌ಪೇಟೆಗೆ ಕರೆದುಕೊಂಡು ಹೋದೆ. ಇದೊಂದು ಹಾಡು ಉಳಿದರೆ ಸಾಕಿತ್ತು ನನಗೆ.

ಖಾಜಾ ಸಾಹೇಬರು ಗುಂಡಿ ಒತ್ತಿ “ಚಾಲೂ ರೀ ಅಮ್ಮಾರ,” ಎಂದರು. ಉಸಿರೆಳೆದುಕೊಂಡಿದ್ದ ದೊಡ್ಡಮ್ಮ ಬಾಯಿ ಮುಚ್ಚಿದರು. ಮತ್ತೆ ಚಾಲೂ, ಮತ್ತೆ ಮೌನ. “ಹಾಡೋಕಿಂತ ಮೊದಲಾ ಸಾಕು ಅಂತೀರಲ್ಲ,” ಎಂದು ಅವರು ಬೇಜಾರು ಮಾಡಿಕೊಂಡಾಗ ನಮಗೆ ಹೊಳೆಯಿತು. ನಮ್ಮ ಬಾಯಲ್ಲಿ ಚಾಲೂ ಎಂದರೆ ಶುರು. ಅವರ ತೆಲುಗಿನಲ್ಲಿ ಚಾಲು ಎಂದರೆ ಸಾಕು. ಗಡಿಯಲ್ಲಿ ಬಾಳುವ ನಮಗೆ ಶುರುವಿಗೂ ಸಾಕಿಗೂ ನಡುವೆ ಇರುವುದು ಒಂದು ದೀರ್ಘವಷ್ಟೇ. ನಕ್ಕು, ಕೈಸನ್ನೆ ಗೊತ್ತುಮಾಡಿಕೊಂಡೆವು. ಹಾಡು ಸೊಗಸಾಗಿ ಮುಗಿಯಿತು.

ಕೇಳೋಣವೆಂದು ಟೇಪನ್ನು ಮೊದಲಿಗೆ ಸುತ್ತಿಟ್ಟು ಸಾಹೇಬರು ಚಹಾ ಹೇಳಲು ಒಳಗೆ ಹೋದರು. ದಣಿದ ದೊಡ್ಡಮ್ಮ ನನ್ನ ಕಡೆ ಕೈ ಅಲ್ಲಾಡಿಸಿ “ಚಾಲು” ಎಂದರು. ಆಗಷ್ಟೇ ಪಾಠ ಕಲಿತಿದ್ದ ಜಾಣ ನಾನು, ಅವರೀಗ ನಮ್ಮ ಮಾತಿನ ‘ಚಾಲೂ’ ಹೇಳುತ್ತಿದ್ದಾರೆ, ಇನ್ನೊಮ್ಮೆ ಹಾಡುತ್ತಾರೆಂದುಕೊಂಡು ಕೆಂಪು ಗುಂಡಿ ಒತ್ತಿಬಿಟ್ಟೆ. ಸಾಹೇಬರು ಬರುವಷ್ಟರಲ್ಲಿ ಪಲ್ಲವಿ ಇದ್ದ ಜಾಗದಲ್ಲಿ ಒಂದು ಕೆಮ್ಮು, ನೀರು ಗುಟುಕರಿಸಿದ ಸದ್ದು. ಕಾರಣ ಹೇಳದೆ ಇನ್ನೊಮ್ಮೆ ಹಾಡಿ ಎಂದಾಗ ದೊಡ್ಡಮ್ಮ ಹಾಡಲು ನೋಡಿದರು, ದನಿ ಏಳಲಿಲ್ಲ. “ಇನ್ನ ಆಗಂಗಿಲ್ಲಪ್ಪ,” ಎಂದರು. ಭೂಮಿ ಬಾಯ್ಬಿಡಬಾರದೇ ಎನಿಸಿತು ನನಗೆ.

“ಇರ್ಲಿ ಬಿಡ್ರಿ, ಇನ್ನೊಂದು ಕ್ಯಾಸೆಟ್‌ನ್ಯಾಗ ಒಂದೀಟು ಐತಿ,” ಎಂದರು ಸಾಹೇಬರು, ದೊಡ್ಡಮ್ಮ ಚಹಾಕ್ಕೆ ಒಳಗೆ ಹೋದ ಮೇಲೆ. ಅಂದು ಬಂದ ಕೂಡಲೇ ವಾದ್ಯದ ಟೇಪು ಕೇಳಿಸಿದಾಗ ದೊಡ್ಡಮ್ಮ ಅದರ ಜೊತೆ ಪಲ್ಲವಿಯನ್ನು ಹಾಡಿಕೊಂಡಿದ್ದರು. ಟೇಪಿನ ಮೇಲೆ ದನಿ ಎಷ್ಟು ಬೀಳುತ್ತದೆ ನೋಡಲೆಂದು ಸಾಹೇಬರು ಸದ್ದಿಲ್ಲದೆ ಹಿಡಿದಿಟ್ಟಿದ್ದರು. ಆದರೆ ಆಗ ಕರೆಂಟು ಸಪ್ಪಗಿತ್ತು. ವಾದ್ಯದ ಟೇಪು ನಿಧಾನವಾಗಿ ಓಡಿ, ಅದರ ಜೊತೆ ಹಾಡಿದ ಶ್ರುತಿಯೂ ಕೂದಲೆಳೆಯಷ್ಟು ಇಳಿದಿತ್ತು. ಸಾಹೇಬರು ಟೇಪ್‌ರೆಕಾರ್ಡರಿನ ಹೊಟ್ಟೆ ಬಿಚ್ಚಿದರು. ಒಂದು ಕೈ ಹಾರ್ಮೋನಿಯಂ ಮೇಲೆ, ಇನ್ನೊಂದು ಕೈ ಮೋಟರಿನ ಪುಟ್ಟ ಸ್ಕ್ರೂವಿನ ಮೇಲೆ, ಕಣ್ಣು ಮುಚ್ಚಿ, ದನಿಯನ್ನು ಮೇಲಕ್ಕೆ ತಂದು ಕೂಡಿಸಿದರು. ಅದನ್ನು ಹೊಸದಾಗಿ ಹಿಡಿದು, ಬ್ಲೇಡಿನಿಂದ ಟೇಪು ಕೊಯ್ದು, ಹಾಡಿನ ತಲೆಗೆ ಅಂಟಿಸಿದರು. ಶಾಸ್ತ್ರದವರು ಶ್ರುತಿ ಇಪ್ಪತ್ತೆರಡು ಎನ್ನುತ್ತಾರೆ. ಇಪ್ಪತ್ತಮೂರನೆಯದನ್ನು ನಾನು ಆ ಸ್ಕ್ರೂವಿನ ಕಾಲು ಸುತ್ತಿನಲ್ಲಿ ಕಂಡಿದ್ದೇನೆ. ಸಾಹೇಬರು ಅಂಟಿಸುವಾಗ ಟೇಪಿನ ತುದಿ ಹಿಡಿಯಲು ನನ್ನನ್ನೇ ಕರೆದರು.

ಆಪರೇಷನ್ನಿನ ನಂತರ ದೊಡ್ಡಮ್ಮನಿಗೆ ಮಾತು ಬಂತು, ಹಾಡು ಬರಲಿಲ್ಲ. ಕೆಲವು ತಿಂಗಳ ಮೇಲೆ ಸಿರುಗುಪ್ಪಕ್ಕೆ ಹೋಗಿ ಟೇಪು ಕೇಳಿಸಿದೆ. ಎಲ್ಲಿ ಅಂಟಿಸಿದ್ದೆಂದು ನನಗೇ ಗೊತ್ತಾಗುತ್ತಿರಲಿಲ್ಲ. ಅವರಿಗೆ ಗೊತ್ತಾಯಿತು.

“ಮೊದಲಿಂದು ನಾನು ನನ್ನಷ್ಟಕ್ಕ ಹಾಡಿದ್ದು. ಉಳಿದಿದ್ದು ನಿಮ್ಮ ಮಷಿನಿಗೆ ಹಾಡಿದ್ದು,” ಎಂದರು ಒಡಕು ದನಿಯಲ್ಲಿ. “ಅದು ಹೆಂಗ ಸಿಕ್ತಲೇ ನಿಮಗ?”

ತಪ್ಪೊಪ್ಪಿಕೊಂಡೆ. ಪಲ್ಲವಿಯೊಂದನ್ನೇ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, “ನೀ ಅಳಿಸಿದ್ದು ಬೇಸಾತು ಬಿಡು,” ಎಂದರು. ಧ್ವನಿಮುದ್ರಣದಲ್ಲಿ ನನಗೆ ಇವತ್ತಿನವರೆಗೆ ಸಿಕ್ಕ ಹೊಗಳಿಕೆ ಅದೊಂದೇ, ಅದೂ ಅಳಿಸಿದ್ದಕ್ಕೆ.