ವಾರಗಿತ್ತಿಯ ತಲೆಸುತ್ತು

ದಾಫಿನಾಳ ಕೈಗೆ ಎಷ್ಟು ಹೆಸರಿತ್ತೋ ಬಾಯಿಗೂ ಅಷ್ಟೇ ಹೆಸರಿತ್ತು. ಸ್ತ್ರುಮಿತ್ಸಾ ಬಯಲಿನ ಆ ಹಳ್ಳಿಯಲ್ಲಿ ಸುಟ್ಟ ಕೆಂಪು ಮೆಣಸಿನಕಾಯಿಯ ಐವಾರ್ ಗೊಜ್ಜನ್ನು ಅವಳಂತೆ ಕಾಯಿಸುವವರು ಇರಲಿಲ್ಲ. ಅವಳಂತೆ ಒಂದೇ ಮಾತಿನಲ್ಲಿ ಹತ್ತು ಜನರನ್ನು ನಗಿಸುವವರೂ ಇರಲಿಲ್ಲ. ಆ ನಗೆ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಅವಳು ಯೋಚಿಸಿದವಳಲ್ಲ. ಮಾತು ಚೆನ್ನಾಗಿ ಬಂತೆಂದರೆ ಆಡಿಬಿಡುತ್ತಿದ್ದಳು.

ಅವಳ ಗಂಡ ಟ್ರಾಯ್ಚೆ ಮತ್ತು ಅವನ ತಮ್ಮ ಯೋರ್ಡಾನ್ ಒಂದೇ ಮನೆಯನ್ನು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದರು. ಅಂಗಳ ಮಾತ್ರ ಒಂದೇ. ಯೋರ್ಡಾನನ ಹೆಂಡತಿ ನೆವೆನಾ ಊರಿನ ಶಿಶುವಿಹಾರದಲ್ಲಿ ಅಡುಗೆಯವಳು. ಮಾತು ಕಡಿಮೆ, ಕೆಲಸದಲ್ಲಿ ನಿಧಾನ. ಬಿರುಗಾಳಿಯಂತೆ ಓಡಾಡುವ ದಾಫಿನಾಳಿಗೆ ಆ ನಿಧಾನವೇ ಕಣ್ಣಿಗೆ ಚುಚ್ಚುತ್ತಿತ್ತು. ಕಿವಿಯಲ್ಲಿ ನೀರು ತುಂಬಿದ ಹಾಗಿದೆ, ಒಳಗೆ ಏನೋ ಗುಂಯ್‌ಗುಡುತ್ತದೆ, ತಲೆ ಸುತ್ತಿ ಬರುತ್ತದೆ ಎಂದು ನೆವೆನಾ ಕಳೆದ ಬೇಸಿಗೆಯಿಂದಲೇ ಹೇಳುತ್ತಿದ್ದಳು. ಮೆಣಸಿನಕಾಯಿ ಮೂಟೆ ಅಂಗಳಕ್ಕೆ ಬಂದಾಗಲೇ ಇವಳ ಕಿವಿ ಗುಂಯ್‌ಗುಡುವುದು ಎಂದು ದಾಫಿನಾ ಗಂಡನ ಮುಂದೆ ಆಡಿಕೊಂಡಿದ್ದಳು.

ಕಳೆದ ಶರತ್ಕಾಲದಲ್ಲಿ ಗೊಜ್ಜು ಕಾಯಿಸುವ ದಿನ ನಡೆದದ್ದು ಇದು. ನೆರೆಯ ಮಾಗ್ದಾ ಮತ್ತು ಇನ್ನಿಬ್ಬರು ಹೆಂಗಸರು ಕೈಜೋಡಿಸಲು ಬಂದಿದ್ದರು. ಎಲ್ಲರೂ ಸುತ್ತ ಕೂತು ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದರು. ನೆವೆನಾ ಒಮ್ಮೆಲೇ ಎದ್ದು ನಿಂತಳು, ಗಾಳಿಯಲ್ಲಿ ಏನನ್ನೋ ಹಿಡಿಯುವಂತೆ ಕೈ ಚಾಚಿದಳು, ಎಡಕ್ಕೆ ವಾಲಿ ಬಿದ್ದಳು. ಸುಲಿದಿಟ್ಟ ತಟ್ಟೆ ಮಣ್ಣುಪಾಲಾಯಿತು. ಅವಳು ಕೈಕಾಲೂರಿ ತೆವಳಿಕೊಂಡು ಬೇಲಿಯ ತನಕ ಹೋಗಿ ವಾಂತಿ ಮಾಡಿಕೊಂಡಳು.

ಏನಾಯಿತು ಎಂದು ಮಾಗ್ದಾ ಗಾಬರಿಯಿಂದ ಕೇಳಿದಳು. ಬೆಳಗಿನಿಂದ ಸುಲಿದದ್ದೆಲ್ಲ ಮಣ್ಣಲ್ಲಿ ಬಿದ್ದಿರುವುದನ್ನು ನೋಡುತ್ತಿದ್ದ ದಾಫಿನಾಳ ಬಾಯಿಗೆ ಮಾತು ತಾನಾಗಿ ಬಂತು.

"ಯೋರ್ಡಾನನ ರಾಕಿಯಾ ಸಾರಾಯಿ ಪೀಪಾಯಿ ಕೇಳು, ಅದು ಹೇಳುತ್ತೆ."

ಹೆಂಗಸರು ನಕ್ಕರು. ನೆವೆನಾ ಬೇಲಿಯ ಗೂಟ ಹಿಡಿದು ಆ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು. ಆಮೇಲೆ ಗೋಡೆ ಸವರಿಕೊಂಡು ಒಳಗೆ ಹೋಗಿ ಮಲಗಿದವಳು ಸಂಜೆಯವರೆಗೂ ಏಳಲಿಲ್ಲ.

ಆ ಮಾತು ಅಂಗಳ ದಾಟಿ ಬೇಕರಿಗೆ ಹೋಯಿತು, ಬೇಕರಿಯಿಂದ ಚರ್ಚಿನ ಮೆಟ್ಟಿಲಿಗೆ ಹೋಯಿತು. ಚಳಿಗಾಲ ಬರುವ ಹೊತ್ತಿಗೆ ನೆವೆನಾ ಬೀದಿಯಲ್ಲಿ ಗೋಡೆಯ ಪಕ್ಕಕ್ಕೇ ನಡೆದರೂ ಜನ ಕಣ್ಣು ಮಿಟುಕಿಸುತ್ತಿದ್ದರು. ಒಂದು ಬೆಳಗ್ಗೆ ಶಿಶುವಿಹಾರದಲ್ಲಿ ಅವಳು ಹಾಲಿನ ಪಾತ್ರೆ ಕೈಬಿಟ್ಟು ಬಾಗಿಲ ಚೌಕಟ್ಟಿಗೆ ಜೋತುಬಿದ್ದಳಂತೆ. ಮೇಲ್ವಿಚಾರಕಿ ಹತ್ತಿರ ಬಂದು ಮಕ್ಕಳ ಎದುರಿಗೇ ಅವಳ ಬಾಯಿ ಮೂಸಿ ನೋಡಿದಳಂತೆ. ವಾಸನೆ ಏನೂ ಇರಲಿಲ್ಲ. ಆದರೂ ತಾಯಂದಿರು ದೂರು ಹೇಳಿದ್ದರು, ನಾಳೆಯಿಂದ ಬರಬೇಡ ಎಂದಳು ಮೇಲ್ವಿಚಾರಕಿ.

ಯೋರ್ಡಾನ್ ಹೆಂಡತಿಯನ್ನು ಬೈಯಲಿಲ್ಲ. ಪೀಪಾಯಿ ಇಟ್ಟಿದ್ದ ನೆಲಮಾಳಿಗೆಗೆ ಒಂದು ಬೀಗ ತಂದು ಹಾಕಿದ, ಅಷ್ಟೇ. ಆ ಬೀಗ ದಾಫಿನಾಳ ಅಡುಗೆಮನೆಯ ಕಿಟಕಿಯಿಂದ ನೇರವಾಗಿ ಕಾಣುತ್ತಿತ್ತು. ಅದನ್ನು ಮೊದಲ ಸಲ ಕಂಡ ದಿನ ಅವಳಿಗೆ ಒಳಗೆಲ್ಲೋ ಚುರುಕ್ ಎಂದಿತು. ತಮಾಷೆಗೆ ಅಂದದ್ದು ಕಣಪ್ಪ ಎಂದು ಮೈದುನನಿಗೆ ಹೇಳಿಬಿಡಬೇಕು ಅಂದುಕೊಂಡಳು. ಇವತ್ತು ಬೇಡ, ಹಬ್ಬ ಕಳೆಯಲಿ ಎಂದುಕೊಂಡಳು. ಹಬ್ಬ ಕಳೆದ ಮೇಲೆ, ನಿಜಕ್ಕೂ ಕುಡಿಯುತ್ತಿದ್ದರೂ ಇರಬಹುದು, ನನಗೇನು ಗೊತ್ತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಿಟಕಿಗೆ ಒಂದು ಪರದೆ ಹೊಲಿದು ಹಾಕಿದಳು.

ವಸಂತ ಬಂತು. ಒಂದು ಮುಂಜಾನೆ ದಾಫಿನಾ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದಳು. ಎದುರಿನ ಬೀರು ಜಾಗ ಬಿಟ್ಟು ಓಡಿತು. ಅದರ ಹಿಂದೆ ಗೋಡೆ, ಗೋಡೆಯ ಹಿಂದೆ ಕಿಟಕಿ, ಇಡೀ ಕೋಣೆ ಬುಗುರಿಯಂತೆ ಗಿರ್ರೆಂದು ಸುತ್ತತೊಡಗಿತು. ಮಂಚದ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದಳು. ಬೀಳುತ್ತಿದ್ದೇನೆ ಅನ್ನಿಸುತ್ತಿತ್ತು, ಎಲ್ಲಿಗೆ ಎಂದು ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಕೋಣೆ ನಿಂತಿತು, ಮೈಯೆಲ್ಲ ಬೆವರಾಗಿತ್ತು. ಟ್ರಾಯ್ಚೆ ರಕ್ತದೊತ್ತಡ ಇರಬೇಕೆಂದ. ಅಳೆಸಿದರೆ ಅದು ಸರಿಯಾಗಿಯೇ ಇತ್ತು.

ಅವತ್ತಿನಿಂದ ಅವಳು ದಿಂಬು ಪೇರಿಸಿಕೊಂಡು ಕೂತೇ ಮಲಗುವುದು ಕಲಿತಳು. ಮೇಲಿನ ಅಟ್ಟದ ಡಬ್ಬಿಗಳನ್ನು ಕೆಳಗಿಳಿಸಿದಳು. ಯಾರಿಗೂ ಹೇಳಲಿಲ್ಲ. ಹೇಳಲು ಹೋದರೆ ಬಾಯಿಗೆ ಬರುವ ಒಂದೊಂದು ಮಾತೂ ನೆವೆನಾ ಆಡಿದ್ದ ಮಾತೇ ಆಗಿತ್ತು.

ಸಂತೆಯ ದಿನ ಮೆಣಸಿನ ಸಸಿ ಮಾರಲು ಪೇಟೆಗೆ ಹೋಗಿದ್ದಳು. ಗಿರಾಕಿಯೊಬ್ಬ ಚೀಲ ಕೇಳಿದ. ಮೇಲೆ ಕೊಕ್ಕೆಗೆ ನೇತುಹಾಕಿದ್ದ ಚೀಲಕ್ಕಾಗಿ ತಲೆಯೆತ್ತಿದ್ದೇ ತಡ, ಅಂಗಡಿಯ ಡೇರೆ, ಆಕಾಶ, ಎದುರಿನ ಮುಖಗಳು ಒಟ್ಟಿಗೆ ಸುತ್ತಿ ಬಂದವು. ಮೊಣಕಾಲೂರಿ ಬಿದ್ದು ಸಸಿಯ ಪೆಟ್ಟಿಗೆಯಲ್ಲೇ ವಾಂತಿ ಮಾಡಿಕೊಂಡಳು.

"ಅಜ್ಜಿ, ಬೆಳಗ್ಗೆನೇ ಶುರು ಹಚ್ಕೊಂಡ್ಯಾ?" ಪಕ್ಕದ ಅಂಗಡಿಯ ಯುವಕ ಕೂಗಿದ. ಸುತ್ತಲಿನವರು ನಕ್ಕರು.

ಕುಡಿದಿಲ್ಲ ಎಂದು ಹೇಳಹೋದಳು. ನಾಲಿಗೆ ಒಣಗಿ ಮಾತು ತೊದಲಿತು, ನಗು ಇನ್ನೂ ಹೆಚ್ಚಾಯಿತು. ಗುಂಪಿನಲ್ಲಿ ಮಾಗ್ದಾ ಇದ್ದಳು. ಅವಳು ನಗಲಿಲ್ಲ. ಬಂದು ತೋಳು ಹಿಡಿದು ಎಬ್ಬಿಸಿ, ಕಿವಿಯ ಹತ್ತಿರ ಮೆಲ್ಲಗೆ, "ನಿಮ್ಮನೆ ಪೀಪಾಯಿ ಭಾರಿ ಜೋರಾಗಿದೆ ಕಣೆ," ಎಂದಳು.

ಮನೆಗೆ ಬಂದವಳು ಒಳಗೆ ಹೋಗಲಾರದೆ ಹೊಸ್ತಿಲ ಮೇಲೆಯೇ ಕುಸಿದು ಕಣ್ಣು ಮುಚ್ಚಿಕೊಂಡಳು. ಟ್ರಾಯ್ಚೆ ಹೊಲದಲ್ಲಿದ್ದ. ಅಂಗಳದ ಆಚೆಯಿಂದ ಹೆಜ್ಜೆ ಸಪ್ಪಳ ಕೇಳಿಸಿತು. ನೆವೆನಾ ಬಕೆಟ್ ತಂದು ಪಕ್ಕದಲ್ಲಿಟ್ಟು, ಹಿಂದೆ ಕೂತು ಬೆನ್ನಿಗೆ ಆನಿಕೆ ಕೊಟ್ಟಳು.

"ಕಣ್ಣು ಮುಚ್ಚಬೇಡಿ ಅಕ್ಕ. ಮುಚ್ಚಿದ್ರೆ ಜಾಸ್ತಿ ಸುತ್ತುತ್ತೆ. ಒಂದೇ ಕಡೆ ನೋಡ್ತಾ ಇರಿ. ಆ ನಲ್ಲಿ ನೋಡಿ. ಉಸಿರು ನಿಧಾನಕ್ಕೆ ಬಿಡಿ."

ದಾಫಿನಾ ನಲ್ಲಿಯನ್ನು ನೋಡಿದಳು. ಓಡುತ್ತಿದ್ದ ನಲ್ಲಿ ಸ್ವಲ್ಪ ಹೊತ್ತಿಗೆ ಒಂದು ಕಡೆ ನಿಂತಿತು. ನೆವೆನಾ ಒದ್ದೆ ಬಟ್ಟೆಯಿಂದ ಅವಳ ಕುತ್ತಿಗೆ ಒರೆಸಿದಳು. ಏಳುವ ಮುಂಚೆ ಮಂಚದ ಅಂಚಿನಲ್ಲಿ ಒಂದಿಷ್ಟು ಹೊತ್ತು ಕೂತಿರಬೇಕು, ಹೊಟ್ಟೆಗೆ ಒಣ ಬ್ರೆಡ್ಡಿನ ಚೂರು ಹಾಕಿಕೊಳ್ಳಬೇಕು, ನೆಲದ ಮೇಲಿರುವುದನ್ನು ಬಾಗದೆ ಕುಕ್ಕರುಗಾಲಿನಲ್ಲಿ ಕೂತು ಎತ್ತಬೇಕು ಎಂದೆಲ್ಲ ಸಣ್ಣ ದನಿಯಲ್ಲಿ ಹೇಳಿಕೊಟ್ಟಳು. ಇದನ್ನೆಲ್ಲ ಇವಳು ಯಾರ ಆನಿಕೆಯೂ ಇಲ್ಲದೆ, ಬಿದ್ದು ಎದ್ದು ಒಬ್ಬಳೇ ಕಲಿತಿದ್ದಾಳೆ ಎಂದು ದಾಫಿನಾಳಿಗೆ ಹೊಳೆಯಿತು. ಆ ಒದ್ದೆ ಬಟ್ಟೆ ಕುತ್ತಿಗೆಯ ಮೇಲೆ ಕೆಂಡದಂತೆ ಸುಟ್ಟಿತು. ಸಾಕು ಹೋಗು ಎನ್ನಲು ಬಾಯಿ ಬರಲಿಲ್ಲ. ತಪ್ಪಾಯಿತು ಎನ್ನಲೂ ಬರಲಿಲ್ಲ.

ಟ್ರಾಯ್ಚೆ ಅವಳನ್ನು ಪೇಟೆಯ ಕಿವಿ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ನಡುವಯಸ್ಸಿನ ಹೆಂಗಸು. ದಾಫಿನಾಳನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಓರೆ ಹಿಡಿದು ಸರಕ್ಕನೆ ಹಿಂದಕ್ಕೆ ಮಲಗಿಸಿದರು. ಲೋಕ ಮತ್ತೆ ಗಿರ್ರೆಂದಿತು. ಅವಳ ಕಣ್ಣಗುಡ್ಡೆ ಕುಣಿಯುವುದನ್ನು ನೋಡಿ ಡಾಕ್ಟರು ತಲೆದೂಗಿದರು. ಒಳಗಿವಿಯಲ್ಲಿರುವ ಪುಟ್ಟ ಹರಳುಗಳು ಜಾಗ ಬಿಟ್ಟು ಜಾರಿವೆ, ಅಷ್ಟೇ ಎಂದರು. ತಲೆಯನ್ನು ಆ ಕಡೆಗೆ, ಈ ಕಡೆಗೆ, ಮೈಯನ್ನು ಮಗ್ಗುಲಿಗೆ ನಿಧಾನವಾಗಿ ತಿರುಗಿಸಿ ಎಬ್ಬಿಸಿ ಕೂರಿಸಿದರು. ಇನ್ನೊಮ್ಮೆ ಮಲಗಿಸಿ ನೋಡಿದರು. ಕೋಣೆ ಇದ್ದಲ್ಲೇ ಇತ್ತು.

"ಇಷ್ಟೇನಾ?" ಎಂದಳು ದಾಫಿನಾ.

"ಇಷ್ಟೇ. ಮತ್ತೆ ಬಂದ್ರೆ ಮತ್ತೆ ಮಾಡೋಣ."

"ಇದು ಬಂದವರು ಕುಡಿದವರ ಹಾಗೆ ಕಾಣ್ತಾರಾ ಡಾಕ್ಟ್ರೇ?"

ಊರವರ ಬಾಯಲ್ಲಿ ಕುಡುಕರು ಅನ್ನಿಸಿಕೊಂಡೇ ಇಲ್ಲಿಗೆ ಬರುವವರು ಎಷ್ಟೋ ಜನ ಎಂದರು ಡಾಕ್ಟರು. ದಾಫಿನಾ ಅಲ್ಲೇ ಅತ್ತಳು. ಗುಣವಾದ ಖುಷಿಗೆ ಅಳುತ್ತಿದ್ದಾಳೆ ಎಂದುಕೊಂಡು ಅವರು ಬೆನ್ನು ತಟ್ಟಿದರು.

ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಯೋಚನೆ. ನೆವೆನಾಳನ್ನು ಕರೆತಂದು ಆ ಮಂಚದ ಮೇಲೆ ಮಲಗಿಸಬೇಕು, ತಲೆ ತಿರುಗಿಸಿ ಎಬ್ಬಿಸಬೇಕು, ಎಲ್ಲ ಸರಿಹೋಗುತ್ತದೆ. ತಾನು ಆಡಿದ ಮಾತು ಕೂಡ ಆ ಹರಳಿನ ಹಾಗೆ ತನ್ನ ಜಾಗಕ್ಕೆ ವಾಪಸು ಹೋಗಿಬಿಡುತ್ತದೆ ಎಂಬಂತೆ ಆಸೆಪಟ್ಟಳು. ಕಾರಿಳಿದವಳು ಕೋಟನ್ನೂ ಬಿಚ್ಚದೆ ನೆವೆನಾಳ ಅಡುಗೆಮನೆಗೆ ಹೋದಳು. ಯೋರ್ಡಾನನೂ ಅಲ್ಲೇ ಊಟಕ್ಕೆ ಕೂತಿದ್ದ. ಡಾಕ್ಟರ ವಿಷಯವನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಮಾತು ಮುಗಿದು ಹೋಯಿತು. ಉಳಿದದ್ದನ್ನು ಈಗ ಹೇಳಲೇಬೇಕಿತ್ತು.

"ನೆವೆನಾ, ಆ ಪೀಪಾಯಿ ಮಾತು ಎಬ್ಬಿಸಿದ್ದು ನಾನೇ."

"ಗೊತ್ತು," ಎಂದಳು ನೆವೆನಾ, ಒಲೆಯ ಮೇಲಿನ ಪಾತ್ರೆ ಇಳಿಸುತ್ತ. "ಅವತ್ತು ನಾನು ಬಿದ್ದಿದ್ದೆ ಅಷ್ಟೇ ಅಕ್ಕ. ಕಿವಿ ಇನ್ನೂ ಕೇಳಿಸ್ತಿತ್ತು."

ಯೋರ್ಡಾನ್ ಚಮಚ ಕೆಳಗಿಟ್ಟ. "ಅತ್ತಿಗೆ, ಈ ಮಾತು ನಂಗೆ ಚಳಿಗಾಲದಲ್ಲೇ ಹೇಳಬಾರ್ದಿತ್ತಾ?" ಎಂದ. ಅವನು ಎದ್ದು ಹೊರಗೆ ಹೋದ. ನೆಲಮಾಳಿಗೆಯ ಬೀಗ ತೆಗೆಯುವ ಸದ್ದು ಕೇಳಿಸಿತು. ಎಷ್ಟು ಹೊತ್ತಾದರೂ ಅವನು ಒಳಗೆ ಬರಲಿಲ್ಲ. ನೆವೆನಾ ಅವನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.

ಮಾರನೆಯ ವಾರ ನೆವೆನಾ ಡಾಕ್ಟರ ಹತ್ತಿರ ಬಂದಳು. ದಾಫಿನಾ ಜೊತೆಗಿದ್ದಳು. ತಲೆ ತಿರುಗಿಸಿ ಮಲಗಿಸಿದರೆ ಏನೂ ಆಗಲಿಲ್ಲ, ಕಣ್ಣು ಕುಣಿಯಲಿಲ್ಲ. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡಿಸಿದರು. ಸದ್ದು ಕೇಳಿದಾಗ ಗುಂಡಿ ಒತ್ತಬೇಕಿತ್ತು. ಬಲಗಿವಿಯ ಸರದಿಯಲ್ಲಿ ನೆವೆನಾ ಬೇಗ ಬೇಗ ಒತ್ತಿದಳು. ಎಡಗಿವಿಗೆ ಬಂದಾಗ ಅವಳ ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಗಾಜಿನ ಆಚೆಯಿಂದ ದಾಫಿನಾ ಆ ಬೆರಳನ್ನೇ ನೋಡುತ್ತಿದ್ದಳು, ಒತ್ತು, ಒತ್ತು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದಳು.

ನಿಮ್ಮದು ಬೇರೆ ಕಾಯಿಲೆ ಎಂದರು ಡಾಕ್ಟರು. ಒಳಗಿವಿಯಲ್ಲಿ ನೀರಿನ ಒತ್ತಡ ಏರುತ್ತದೆ, ಅದಕ್ಕೇ ಗಂಟೆಗಟ್ಟಲೆ ಸುತ್ತುವುದು, ಅದಕ್ಕೇ ಗುಂಯ್‌ಗುಡುವುದು. ಉಪ್ಪು ಕಡಿಮೆ ಮಾಡಬೇಕು, ಮಾತ್ರೆ ನಿಲ್ಲಿಸಬಾರದು, ಸುತ್ತು ಬರುವುದು ಬಹಳ ಮಟ್ಟಿಗೆ ಇಳಿಯುತ್ತದೆ. ಎಡಗಿವಿಯಲ್ಲಿ ಹೋಗಿರುವುದು ಮಾತ್ರ ವಾಪಸು ಬರುವುದು ಕಷ್ಟ.

"ಮೊದ್ಲೇ ಬಂದಿದ್ರೆ?" ದಾಫಿನಾ ಕೇಳಿದಳು.

"ಕಿವಿ ಉಳೀತಿತ್ತು ಅಂತ ಹೇಳೋಕಾಗಲ್ಲಮ್ಮ. ಉಳೀತಿರ್ಲಿಲ್ಲ ಅಂತನೂ ಹೇಳೋಕಾಗಲ್ಲ. ಇಷ್ಟು ತಿಂಗಳು ಸುಮ್ಮನೆ ಒದ್ದಾಡಿದ್ದಾರಲ್ಲ, ಅದಂತೂ ತಪ್ಪುತ್ತಿತ್ತು."

ಹೌದು ಎಂದಿದ್ದರೂ ಅಲ್ಲ ಎಂದಿದ್ದರೂ ದಾಫಿನಾ ತಡೆದುಕೊಳ್ಳುತ್ತಿದ್ದಳೇನೋ. ಈ ಉತ್ತರವನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಊರಿಗೆ ಬಂದವಳು ಹೇಳಬೇಕಾದ ಕಡೆಯೆಲ್ಲ ಹೋಗಿ ಹೇಳಿದಳು. ಬೇಕರಿಯ ಸಾಲಿನಲ್ಲಿ ನಿಂತವರಿಗೆ, ಚರ್ಚಿನಿಂದ ಹೊರಬರುವವರಿಗೆ, ನೆವೆನಾ ಕುಡಿದದ್ದಲ್ಲ, ಕಾಯಿಲೆ ಅದು, ಸುಳ್ಳು ಹುಟ್ಟಿಸಿದವಳು ನಾನು ಎಂದಳು. ಜನ ಮುಜುಗರಪಟ್ಟು ಅತ್ತಿತ್ತ ನೋಡಿದರು. ಮಾಗ್ದಾ, "ನೀನು ತಮಾಷೆಗೆ ಅಂದೆ, ನಾವು ತಮಾಷೆಗೆ ಕೇಳಿದ್ವಿ, ಈಗ ಯಾಕೆ ಅದನ್ನ ಕೆದಕ್ತೀಯ?" ಎಂದಳು. ತಮಾಷೆ ಓಡಿದ ವೇಗದಲ್ಲಿ ಈ ಮಾತು ಓಡಲಿಲ್ಲ. ಹೋದಹೋದಲ್ಲಿ ಅವಳೇ ಅದನ್ನು ಹೊತ್ತುಕೊಂಡು ಹೋಗಬೇಕಾಯಿತು. ಶಿಶುವಿಹಾರದಲ್ಲಿ ಅಷ್ಟರೊಳಗೆ ಬೇರೆ ಅಡುಗೆಯವಳು ಬಂದಿದ್ದಳು. ಮೇಲ್ವಿಚಾರಕಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡು, ಪಾಪ ಎಂದಳು. ದಾಫಿನಾ ಬಿಡದೆ ಮತ್ತೆ ಮತ್ತೆ ಹೋದ ಮೇಲೆ, ಆ ಅಡುಗೆಯವಳು ರಜೆ ಹಾಕಿದ ದಿನ ನೆವೆನಾಳನ್ನು ಕರೆಯುವುದಾಗಿ ಒಪ್ಪಿದಳು. ಒಂದೆರಡು ಸಲ ಕರೆದಳು ಕೂಡ.

ಬೇಸಿಗೆಯಲ್ಲಿ ನೆವೆನಾಳ ಸುತ್ತು ಇಳಿಯಿತು. ಎರಡೂ ಮನೆಯ ಅಡುಗೆಯನ್ನು ದಾಫಿನಾ ಉಪ್ಪಿಲ್ಲದೆ ಮಾಡಲು ಹೊರಟಾಗ ಟ್ರಾಯ್ಚೆ ಗೊಣಗಿದ. ನೆವೆನಾ ಒಂದು ತುತ್ತು ತಿಂದು, "ಕಾಯಿಲೆ ನಂಗೆ ಅಕ್ಕ, ಭಾವನಿಗೆ ಯಾಕೆ ಶಿಕ್ಷೆ?" ಎಂದಳು. ಅದು ನಗೆಮಾತೋ ಅಲ್ಲವೋ ಅವಳ ಮುಖದಿಂದ ತಿಳಿಯಲಿಲ್ಲ.

ಮಾತ್ರೆ ತರಲು ಇಬ್ಬರೂ ಪೇಟೆಗೆ ಹೋಗಿ ಬರುತ್ತಿದ್ದ ಒಂದು ಮಧ್ಯಾಹ್ನ. ಬಸ್ಸಿಳಿದು ಮೆಣಸಿನ ತೋಟಗಳ ನಡುವಿನ ದಾರಿಯಲ್ಲಿ ನಡೆಯುತ್ತಿದ್ದರು. ದಾಫಿನಾ ನೆವೆನಾಳ ಎಡಗಡೆಗಿದ್ದಳು. ಬಹಳ ದಿನದಿಂದ ಗಂಟಲಲ್ಲೇ ಇದ್ದದ್ದನ್ನು ಅವಳು ಕೇಳಿಬಿಟ್ಟಳು.

"ನೆವೆನಾ, ನನ್ನ ಮೇಲೆ ಕೋಪ ಇದೆಯೇನೆ ಇನ್ನೂ?"

ನೆವೆನಾ ಮುಂದೆ ನೋಡುತ್ತ ನಡೆಯುತ್ತಿದ್ದಳು. ಏನೂ ಹೇಳಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಳೋ. ಬಲಗಡೆಗೆ ದಾಟಿ ಇನ್ನೊಮ್ಮೆ ಕೇಳಬಹುದಿತ್ತು. ದಾಫಿನಾ ದಾಟಲಿಲ್ಲ. ಮಾತ್ರೆಯ ಚೀಲವನ್ನು ಕೈ ಬದಲಿಸಿ, ನೆವೆನಾಳ ನಿಧಾನದ ಹೆಜ್ಜೆಗೆ ತನ್ನ ಹೆಜ್ಜೆ ಸೇರಿಸಿ ಮನೆಯ ಕಡೆ ನಡೆದಳು.